ಕೆಂಪು ಮಣ್ಣಿನ ದಾರಿಯಲ್ಲಿ ಕಂಡ ಶಾಲೆ

(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಈ ಶಾಲೆಯಲ್ಲಿ ಓದಿದ ನಾವು ನಾಲ್ವರು ಗೆಳೆಯರು ಆಸ್ಟ್ರೇಲಿಯಾದಲ್ಲಿ ಕ್ಯಾರವಾನ್ ಬಾಡಿಗೆಗೆ ಹಿಡಿದು, ದಕ್ಷಿಣದ ಪೋರ್ಟ್ ಅಗಸ್ಟಾದಿಂದ ಉತ್ತರದ ಡಾರ್ವಿನ್‌ವರೆಗೆ ಸ್ಟುವರ್ಟ್ ಹೆದ್ದಾರಿಯಲ್ಲಿ ಪ್ರವಾಸ ಮಾಡಿದೆವು. ಸುಮಾರು 2,700 ಕಿಲೋಮೀಟರ್ ದಾರಿ. ಅಡುಗೆ, ನಿದ್ದೆ ಎಲ್ಲ ಗಾಡಿಯಲ್ಲೇ. ಸುತ್ತ ಕೆಂಪು ಮಣ್ಣು, ಕುರುಚಲು ಗಿಡ. ಒಂದು ಪೆಟ್ರೋಲ್ ಬಂಕ್ ದಾಟಿದರೆ ಮುಂದಿನದು ಕೆಲವೆಡೆ 250 ಕಿಲೋಮೀಟರ್ ಆಚೆ. ಕತ್ತಲಾದರೆ ಕಾಂಗರೂಗಳು ಅಡ್ಡ ಬರುತ್ತವೆಂದು ಸಂಜೆಗೇ ಬಿಡಾರ ಹೂಡುತ್ತಿದ್ದೆವು.

ನಡುದಾರಿಯ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಒಂದು ಸರ್ಕಾರಿ ಶಾಲೆ ನೋಡಿದೆವು. ದೂರದ ದನ ಸಾಕಣೆಯ ಜಮೀನುಗಳಲ್ಲಿ ಬೆಳೆಯುವ ಮಕ್ಕಳಿಗೆ ಅಲ್ಲಿಂದ 1951ರಲ್ಲಿ ರೇಡಿಯೋ ಪಾಠ ಶುರುವಾಯಿತು. ವಿಮಾನದಲ್ಲಿ ಬರುವ ವೈದ್ಯರನ್ನು ಕರೆಯಲು ಇದ್ದ ರೇಡಿಯೋವೇ ತರಗತಿಯಾಯಿತು. ಈಗ ಉಪಗ್ರಹದ ಮೂಲಕ ಪಾಠ ನಡೆಯುತ್ತದೆ.

ಬಾನುಲಿ ಮೈಸೂರಿಗೂ ಹಳೆಯದೇ. 1935ರಲ್ಲೇ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ಇಲ್ಲಿನ ತಮ್ಮ ಮನೆಯಿಂದ ‘ಆಕಾಶವಾಣಿ’ ಆರಂಭಿಸಿದ್ದರು. ಆದರೆ ನಮಗೆ ಶಾಲೆ ರೇಡಿಯೋದಲ್ಲಿ ಬರಬೇಕಾಗಿರಲಿಲ್ಲ. ನಂಜನಗೂಡು ಕಡೆಯ ಹುಡುಗರೂ ಚಾಮರಾಜಪುರಂ ಸ್ಟೇಷನ್ನಿನಲ್ಲಿ ರೈಲು ಇಳಿದು ನಡೆದೇ ಬರುತ್ತಿದ್ದರು.

ಅಷ್ಟು ದೊಡ್ಡ ಬಯಲಿನಲ್ಲಿ ಮಕ್ಕಳು ಕೆಲವೇ ಮಂದಿ. ಹಾಗೆಂದು ಅಲ್ಲಿ ಶಾಲೆ ಮುಚ್ಚಲಿಲ್ಲ. ಶಾಲೆಯನ್ನೇ ಮಕ್ಕಳ ಬಳಿಗೆ ಕಳುಹಿಸಿದರು. ಇಲ್ಲಿ ಶಾಲೆ ಮನೆಯ ಪಕ್ಕದಲ್ಲೇ ಇದೆ, ಬೆಂಚುಗಳು ಖಾಲಿಯಾಗುತ್ತಿವೆ. ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದೇ ವಿನಂತಿ: ಕಟ್ಟಡಕ್ಕೆ ದೇಣಿಗೆ ಕೊಡೋಣ, ಜೊತೆಗೆ ಬರುವ ಜೂನ್‌ನಲ್ಲಿ ಒಬ್ಬೊಬ್ಬರೂ ಒಂದೊಂದು ಮಗುವನ್ನು ಇಲ್ಲಿಗೆ ಸೇರಿಸೋಣ.