ಕೂಸು ನೋಡಿಕೊಳ್ಳೋರು ಯಾರು? ಪಂಚಾಯಿತಿಗೆ ತಾಯಂದಿರ ಪ್ರಶ್ನೆ

(ದಢೇಸುಗೂರು ಭಾಗದ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳು)



ಒಂದು ದಿನದ ಕೂಲಿ ಬಿಟ್ಟು ಬಂದಿದ್ದೀರಿ. ಅದಕ್ಕೆ ಉಪಯೋಗವಾಗೋ ಮಾತನ್ನೇ ಆಡೋಣ. ನಮ್ಮ ಸಂಘಗಳಲ್ಲಿ ಉಳಿತಾಯ ಎಷ್ಟು, ಸಾಲ ಎಷ್ಟು, ಬಡ್ಡಿ ಎಷ್ಟು ಅಂತ ಪುಸ್ತಕದಲ್ಲಿ ಬರೆದಿಡುತ್ತೇವೆ. ಆದರೆ ಒಂದು ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ. ನಾವು ಹೊಲಕ್ಕೆ ಹೋದಾಗ ಮನೆಯ ಕೂಸನ್ನ ಯಾರು ನೋಡಿಕೊಳ್ಳುತ್ತಾರೆ?

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂತು ಅಂದರೆ ನಮ್ಮ ಕಡೆ ಭತ್ತದ ನಾಟಿ ಶುರು. ನಾಟಿ, ಕಳೆ, ಹತ್ತಿ ಬಿಡಿಸೋದು ಎಲ್ಲಾ ಹೆಚ್ಚಾಗಿ ಹೆಂಗಸರ ಕೆಲಸ. ಹೊತ್ತು ಏರುವ ಮುಂಚೆ ಗುಂಪು ಹೊರಡಬೇಕು. ಅಂಗನವಾಡಿ ಬಾಗಿಲು ತೆಗೆಯುವ ಹೊತ್ತಿಗೆ ನಾವು ಕೆಸರಿನಲ್ಲಿ ನಿಂತಿರುತ್ತೇವೆ. ಅಲ್ಲಿ ಪಾಠ, ಆಟ ಇರೋದು ಮೂರು ವರ್ಷ ತುಂಬಿದ ಮಕ್ಕಳಿಗೆ. ಅದಕ್ಕಿಂತ ಸಣ್ಣ ಕೂಸಿಗೆ ಮನೆಗೆ ಆಹಾರದ ಪೊಟ್ಟಣ ಸಿಗುತ್ತದೆ, ದಿನವಿಡೀ ನೋಡಿಕೊಳ್ಳುವ ಕೈ ಸಿಗೋದಿಲ್ಲ.

ಆಗ ನಾವು ಏನು ಮಾಡುತ್ತೇವೆ? ಹೊಲದ ಬದುವಿನಲ್ಲಿ ಸೀರೆಯ ಜೋಳಿಗೆ ಕಟ್ಟುತ್ತೇವೆ. ಅಲ್ಲಿ ಬಿಸಿಲು, ಹುಳ-ಹುಪ್ಪಡಿ, ಔಷಧಿ ಹೊಡೆದ ಗಾಳಿ, ಪಕ್ಕದಲ್ಲೇ ಕಾಲುವೆ. ಇಲ್ಲಾ ಅಂದರೆ ಕಣ್ಣು ಕಾಣದ ಅತ್ತೆಯ ಹತ್ತಿರ ಬಿಡುತ್ತೇವೆ. ಅದೂ ಆಗದಿದ್ದರೆ ದೊಡ್ಡ ಮಗಳನ್ನ ಶಾಲೆ ಬಿಡಿಸುತ್ತೇವೆ. ಮೊದಲು ನಾಟಿ ಮುಗಿಯೋವರೆಗೆ ಅಂತೀವಿ, ಆಮೇಲೆ ಹತ್ತಿ ಮುಗಿಯೋವರೆಗೆ. ಅಷ್ಟರಲ್ಲಿ ಆ ಹುಡುಗಿಗೆ ಶಾಲೆ ತಪ್ಪಿಯೇ ಹೋಗಿರುತ್ತದೆ. ತಾಯಿ ತಂದ ಕೂಲಿಯ ಬೆಲೆಯನ್ನ ಮಗಳು ಕಟ್ಟಿದ ಹಾಗಾಯಿತು. ಇದು ಯಾರ ಹಣೆಬರಹವೂ ಅಲ್ಲ. ವ್ಯವಸ್ಥೆ ಇಲ್ಲದ್ದರಿಂದ ಆಗುವುದು.

ವ್ಯವಸ್ಥೆ ಮಾಡಬೇಕು ಅಂತ ಸರ್ಕಾರವೇ ಒಪ್ಪಿಕೊಂಡಿದೆ. 2005ರ ಉದ್ಯೋಗ ಖಾತ್ರಿ ಕಾಯ್ದೆಯಲ್ಲಿ ಕೆಲಸದ ಜಾಗದಲ್ಲಿ ನೆರಳು, ಕುಡಿಯುವ ನೀರು ಇರಬೇಕೆಂದು ಬರೆದಿತ್ತು. ಆರು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳು ಬಂದರೆ ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸಿಗೆ ಕೂಲಿ ಕೊಟ್ಟು ನೇಮಿಸಬೇಕು ಅಂತಲೂ ಇತ್ತು. ನಮ್ಮಲ್ಲಿ ಎಷ್ಟು ಮಂದಿ ಅದನ್ನು ಕೇಳಿದೆವು? 2025ರ ಡಿಸೆಂಬರ್‌ನಲ್ಲಿ ಆ ಕಾಯ್ದೆಯ ಜಾಗಕ್ಕೆ ಸಂಸತ್ತು ಹೊಸ ಕಾಯ್ದೆ ತಂದಿತು. ಕಾಯ್ದೆ ಬದಲಾದಾಗ ಮಕ್ಕಳ ನೆರಳು ತಪ್ಪಿಹೋಗದಂತೆ ನೋಡಿಕೊಳ್ಳಬೇಕಾದವರೂ ನಾವೇ.

2023ರಲ್ಲಿ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ ಬಜೆಟ್‌ನಲ್ಲಿ ಹೇಳಿತು. ಕೂಲಿಗೆ ಹೋಗುವ ತಾಯಂದಿರ ಸಣ್ಣ ಮಕ್ಕಳಿಗಾಗಿ, ಊರಿನ ಹೆಂಗಸರಿಗೇ ತರಬೇತಿ ಕೊಟ್ಟು ನಡೆಸುವ ಯೋಜನೆ ಇದು. ನಮ್ಮ ಪಂಚಾಯಿತಿಯಲ್ಲಿ ಇದೆಯಾ? ಇದ್ದರೆ ನಾಟಿಗೆ ಹೋಗುವ ಹೊತ್ತಿಗೆ ತೆರೆದಿರುತ್ತದಾ? ಕ್ಯಾಂಪಿನ ಮಕ್ಕಳಿಗೆ ಹತ್ತಿರವಾ? ಈ ಮೂರು ಪ್ರಶ್ನೆ ಕೇಳದೆ ನಾವು ಸುಮ್ಮನಿರಬಾರದು.

ನೌಕರಿಯಲ್ಲಿರುವ ಹೆಂಗಸರಿಗೆ 2017ರ ತಿದ್ದುಪಡಿಯಿಂದ 26 ವಾರ ಸಂಬಳದ ಹೆರಿಗೆ ರಜೆ ಸಿಕ್ಕಿತು. ಒಳ್ಳೆಯದೇ. ಆದರೆ ಹೊಲದ ಕೂಲಿಗೆ ರಜೆ ಯಾರು ಕೊಡುತ್ತಾರೆ? ನಮ್ಮಂಥವರಿಗೆ ಇರುವುದು ಮಾತೃವಂದನಾ ಯೋಜನೆಯ ಸಹಾಯಧನ. ಮೊದಲ ಹೆರಿಗೆಗೆ 5,000 ರೂಪಾಯಿ. ಎರಡನೆಯದು ಹೆಣ್ಣುಮಗುವಾದರೆ 6,000. ಇದರ ಜೊತೆಗೆ, 2017ರ ಅಕ್ಟೋಬರ್ 2ರಂದು ಮಾತೃಪೂರ್ಣ ಯೋಜನೆ ರಾಜ್ಯದಾದ್ಯಂತ ಶುರುವಾಗಿ, ಗರ್ಭಿಣಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಬಂತು. ಇವು ಭಿಕ್ಷೆ ಅಲ್ಲ, ನಮ್ಮ ಪಾಲು.

'ನಾವು ಕೇಳಿದರೆ ಯಾರು ಕೊಡ್ತಾರೆ' ಅಂತ ಕೆಲವರು ಅನ್ನುತ್ತೀರಿ. ನಮ್ಮ ಜಿಲ್ಲೆಯದೇ ಮಾತು ಕೇಳಿ. 2011ರ ಹೊತ್ತಿಗೆ ರಾಯಚೂರಿನ ಮಕ್ಕಳ ಅಪೌಷ್ಟಿಕತೆ ರಾಜ್ಯಕ್ಕೆಲ್ಲ ಸುದ್ದಿಯಾಯಿತು. ವಿಷಯ ಹೈಕೋರ್ಟಿಗೆ ಹೋಗಿ, ನ್ಯಾಯಮೂರ್ತಿ ಎನ್.ಕೆ. ಪಾಟೀಲರ ನೇತೃತ್ವದಲ್ಲಿ ಸಮಿತಿ ರಚನೆಯಾಯಿತು. 2021ರ ಡಿಸೆಂಬರ್‌ನಲ್ಲಿ ರಾಯಚೂರು ಸೇರಿ ಏಳು ಜಿಲ್ಲೆಗಳ ಶಾಲಾ ಮಕ್ಕಳಿಗೆ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು ಕೊಡಲು ಶುರುಮಾಡಿದರು. ವಿರೋಧ ಬಂದಾಗ ಪಕ್ಕದ ಗಂಗಾವತಿಯ ಸರ್ಕಾರಿ ಶಾಲೆಯ ಹೆಣ್ಣುಮಕ್ಕಳೇ 'ನಮಗೆ ಮೊಟ್ಟೆ ಬೇಕು' ಅಂತ ಧೈರ್ಯವಾಗಿ ಹೇಳಿದರು. ಮುಂದಿನ ವರ್ಷ ಅದು ರಾಜ್ಯಕ್ಕೆಲ್ಲ ವಿಸ್ತರಣೆ ಆಯಿತು. ಗುಜರಾತಿನಲ್ಲಿ 1972ರಲ್ಲಿ ಇಳಾ ಭಟ್ ಕಟ್ಟಿದ 'ಸೇವಾ' ಸಂಘದ ಕೂಲಿ ಹೆಂಗಸರು ಉಳಿತಾಯದ ಜೊತೆಗೆ ತಮ್ಮ ಮಕ್ಕಳ ಆರೈಕೆ ಕೇಂದ್ರಗಳನ್ನೂ ನಡೆಸಿದರು. ಅವರೂ ನಮ್ಮ ಹಾಗೇ ಬಡವರು.

ಹಾಗಾದರೆ ನಾವು ಮಾಡಬೇಕಾದದ್ದು:

1. ಮುಂದಿನ ಸಂಘದ ಸಭೆಯಲ್ಲಿ ಒಂದು ಪಟ್ಟಿ ಬರೆಯೋಣ. ಯಾರ ಮನೆಯಲ್ಲಿ ಮೂರು ವರ್ಷದೊಳಗಿನ ಕೂಸಿದೆ, ಯಾರು ನೋಡಿಕೊಳ್ಳುತ್ತಾರೆ, ಯಾವ ಮಗಳು ಎಷ್ಟು ದಿನ ಶಾಲೆ ಬಿಟ್ಟಿದ್ದಾಳೆ.

2. ಎಲ್ಲಾ ಸಂಘಗಳ ಪಟ್ಟಿ ಸೇರಿಸಿ, ಸಹಿ ಅಥವಾ ಹೆಬ್ಬೆಟ್ಟು ಹಾಕಿ, ಪಂಚಾಯಿತಿ ಪಿ.ಡಿ.ಓ.ಗೆ ಅರ್ಜಿ ಕೊಡೋಣ. ಸ್ವೀಕೃತಿ ತಪ್ಪದೆ ತೆಗೆದುಕೊಳ್ಳೋಣ.

3. ವಾರ್ಡ್ ಸಭೆ, ಮಹಿಳಾ ಗ್ರಾಮಸಭೆ, ಗ್ರಾಮಸಭೆಗೆ ಗುಂಪಾಗಿ ಹೋಗೋಣ. ಬೇಡಿಕೆ ಹೇಳಿದರೆ ಸಾಲದು, ಠರಾವು ಪುಸ್ತಕದಲ್ಲಿ ಬರೆಸೋಣ, ಓದಿಸಿ ಕೇಳೋಣ.

4. ಶಾಲೆಯ ಎಸ್‌ಡಿಎಂಸಿಯಲ್ಲಿ ಕೂರೋಣ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಭಾಗ ತಂದೆ-ತಾಯಿಗಳು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರು ಇರಬೇಕು.

5. ಗಂಡಸರನ್ನೂ ಕರೆದುಕೊಂಡು ಹೋಗೋಣ. ಕೂಸು ತಾಯಿಯದು ಮಾತ್ರ ಅಲ್ಲ. ಗ್ರಾಮಸಭೆಯಲ್ಲಿ ಅಪ್ಪಂದಿರು ರಸ್ತೆ, ಚರಂಡಿ ಕೇಳುವ ಹಾಗೆ ಕೂಸಿನ ಮನೆಯನ್ನೂ ಕೇಳಬೇಕು.

ಒಂದೇ ಅರ್ಜಿಗೆ ಕೆಲಸ ಆಗಲಿಕ್ಕಿಲ್ಲ. ಸಂಘದ ಮೊದಲ ಬ್ಯಾಂಕ್ ಸಾಲಕ್ಕೆ ಎಷ್ಟು ಸಲ ಅಲೆದೆವು ನೆನಪಿದೆಯಲ್ಲ? ಆಗ ಬಿಡಲಿಲ್ಲ, ಈಗಲೂ ಬಿಡೋದು ಬೇಡ. ಹನಿಹನಿ ಕೂಡಿದರೆ ಹಳ್ಳ. ನಮ್ಮ ಉಳಿತಾಯ ಹಾಗೇ ಬೆಳೆಯಿತು. ನಮ್ಮ ದನಿಯೂ ಹಾಗೇ ಬೆಳೆಯಲಿ.

ಇಲ್ಲಿಂದ ಹೋಗುವ ಮುಂಚೆ ಪ್ರತಿ ಸಂಘದಿಂದ ಇಬ್ಬರ ಹೆಸರು ಕೊಡಿ. ಪಟ್ಟಿ ಬರೆಯುವ ಕೆಲಸ ಅವರಿಂದಲೇ ಶುರುವಾಗಲಿ.