ನೆರಳಿನ ಮರಕ್ಕೂ ಬಾಯಾರಿಕೆಯಿದೆ



ಇಟ್ಟಮಡು ಎಂಬ ಹೆಸರಿನಲ್ಲಿಯೇ ಮಡುವಿದೆ. ಮಡುವೆಂದರೆ ಆಳವಾದ ನೀರು. ಬನಶಂಕರಿಗೆ ಹೊಂದಿಕೊಂಡ ಈ ಊರು ಇಂದು ಬೆಂಗಳೂರಿನ ಒಂದು ಬಡಾವಣೆ. ಇಂಥ ಬಡಾವಣೆಗಳ ಜನ ಚೈತ್ರ-ವೈಶಾಖದ ಬಿಸಿಲಿನಲ್ಲಿ ಹೊಂಗೆಯ ನೆರಳನ್ನು ಅರಸುತ್ತಾರೆ. ಆದರೆ ಅನೇಕ ಬೀದಿಗಳಲ್ಲಿ ಆ ಹೊಂಗೆಯ ಬುಡದಲ್ಲಿ ಮಣ್ಣೇ ಕಾಣುವುದಿಲ್ಲ. ಕಾಂಡಕ್ಕೆ ಅಂಟಿದಂತೆ ಕಾಂಕ್ರೀಟು ಹಾಸಿರುತ್ತದೆ.

ಸಸಿಗೆ ನೀರೆರೆಯಬೇಕೆಂಬುದನ್ನು ಎಲ್ಲರೂ ಬಲ್ಲರು. ಬೆಳೆದ ಮರ ತನ್ನ ನೀರನ್ನು ತಾನೇ ಹುಡುಕಿಕೊಳ್ಳುತ್ತದೆಂಬ ಮಾತು ಕಾಡಿನ ಮಟ್ಟಿಗೆ ಸರಿ, ಬೀದಿಯ ಮಟ್ಟಿಗೆ ತಪ್ಪು. ನೀರು ಹೀರುವ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಎರಡಡಿ ಮಣ್ಣಿನಲ್ಲಿಯೇ ಹರಡಿರುತ್ತವೆ. ಅಲ್ಲಿಗೆ ನೀರೂ ಗಾಳಿಯೂ ಇಳಿಯದಿದ್ದರೆ, ಚರಂಡಿಗಾಗಿ ಅಗೆಯುವಾಗ ಬೇರು ಕಡಿದುಹೋಗಿದ್ದರೆ, ಮರ ಮೊದಲು ಎಲೆಯುದುರಿಸುತ್ತದೆ. ಬಳಿಕ ಕೊಂಬೆಗಳು ಒಣಗುತ್ತವೆ. ಮುಂಗಾರಿಗೆ ಮುಂಚಿನ ಬಿರುಗಾಳಿಗೆ ಒಣಕೊಂಬೆ ಮುರಿದುಬಿದ್ದಾಗ ಅದು ಅಪಾಯಕಾರಿ ಮರವೆನಿಸಿಕೊಳ್ಳುತ್ತದೆ, ಕೊಡಲಿಗೆ ಗುರಿಯಾಗುತ್ತದೆ.

ಪರಿಹಾರ ಕಠಿಣವಾದುದಲ್ಲ. ಬೇರಿಗೆ ಪೆಟ್ಟಾಗದಂತೆ ಕಾಂಕ್ರೀಟು ತೆಗೆದು, ಬುಡದ ಸುತ್ತ ಕನಿಷ್ಠ ಒಂದು ಮೀಟರಿನಷ್ಟು ಮಣ್ಣನ್ನು ತೆರೆದಿಡಬೇಕು. ನೀರನ್ನು ಕಾಂಡಕ್ಕೆ ಸುರಿಯದೆ, ಅದರಿಂದ ಸಾಧ್ಯವಾದಷ್ಟು ದೂರದಲ್ಲಿ, ಮುಂಜಾನೆ ಅಥವಾ ಸಂಜೆ ನಿಧಾನವಾಗಿ ಇಂಗಿಸಬೇಕು. ದಿನಕ್ಕೊಂದು ಚೊಂಬಿಗಿಂತ ವಾರಕ್ಕೊಮ್ಮೆ ಆಳಕ್ಕಿಳಿಯುವಂತೆ ಎರೆದ ಹಲವು ಕೊಡಗಳು ಮೇಲು. ಕಡುಬೇಸಿಗೆಯಲ್ಲಿ ಹಸಿರು ಕೊಂಬೆಗಳನ್ನು ಸವರಬಾರದು.

ಈ ನೀರು ಎಲ್ಲಿಂದ ಬರಬೇಕು? 2024ರ ಮಾರ್ಚ್‌ನಲ್ಲಿ ನೀರಿನ ಅಭಾವ ತೀವ್ರವಾದಾಗ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನು ನಿಷೇಧಿಸಿ, 5,000 ರೂಪಾಯಿ ದಂಡ ಗೊತ್ತುಪಡಿಸಿತು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಮತ್ತು ಸಂಸ್ಕರಿಸಿದ ನೀರು ಮರಕ್ಕೆ ಸಲ್ಲಬೇಕಾದವು.

ಎರೆದ ನೀರನ್ನು ಉಳಿಸುವ ಬಗೆಯನ್ನು ಮಲೆನಾಡು ಬಲ್ಲದು. ಇಲ್ಲಿನ ಅಡಿಕೆ ಬೆಳೆಗಾರರು ಸೊಪ್ಪಿನಬೆಟ್ಟದ ಸೊಪ್ಪು, ದರಗುಗಳನ್ನು ತೋಟಕ್ಕೆ ಹೊದಿಸಿ ತೇವ ಕಾಯುತ್ತಾರೆ. ನಗರದಲ್ಲಿ ಅದೇ ದರಗು ಕಸದ ಗಾಡಿ ಸೇರುತ್ತದೆ. ಉದುರಿದ ಎಲೆಯನ್ನು, ಕಾಂಡಕ್ಕೆ ತಾಗದಂತೆ, ಆ ಮರದ ಬುಡಕ್ಕೇ ಹರಡಬೇಕು.

2025ರ ನವೆಂಬರ್ 14ರಂದು ನಿಧನರಾದ ಸಾಲುಮರದ ತಿಮ್ಮಕ್ಕ ಮತ್ತು ಅವರ ಪತಿ ಚಿಕ್ಕಯ್ಯ ಮಾಗಡಿ ತಾಲ್ಲೂಕಿನ ಹುಲಿಕಲ್-ಕುದೂರು ರಸ್ತೆಯಲ್ಲಿ ಆಲದ ಸಸಿಗಳನ್ನು ನೆಟ್ಟು ಸುಮ್ಮನಾಗಲಿಲ್ಲ. ಕೊಡ ಹೊತ್ತು ನೀರೆರೆದರು, ದನ ಮೇಯದಂತೆ ಮುಳ್ಳಿನ ಬೇಲಿ ಕಟ್ಟಿದರು. ಆ ಸಾಲು ಉಳಿದದ್ದು ಹೀಗೆ. ಗಿಡ ನೆಡಲು ಜುಲೈ ತಿಂಗಳ ವನಮಹೋತ್ಸವವಿದೆ. ನೆಟ್ಟದ್ದನ್ನು ಕಾಯುವ ಕೆಲಸ ಮಾರ್ಚ್-ಏಪ್ರಿಲ್‌ನದು.