ಲ್ಯೂಕಾನ 39 ಅಂಕಿ

170141183460469231731687303715884105727. ಒಂದೇ ಉಸಿರಿನಲ್ಲಿ ಓದಿಬಿಟ್ಟೆ, ಕ್ಷಮಿಸಿ. ಒಟ್ಟು 39 ಅಂಕಿ. 127 ಎರಡುಗಳನ್ನು ಒಂದಕ್ಕೊಂದು ಗುಣಿಸಿ 1 ಕಳೆದರೆ ಸಿಗುವ ಸಂಖ್ಯೆ ಇದು. ಅವಿಭಾಜ್ಯ. ಒಂದರಿಂದ ಮತ್ತು ತನ್ನಿಂದ ಬಿಟ್ಟರೆ ಇನ್ಯಾರಿಂದಲೂ ಶೇಷವಿಲ್ಲದೆ ಭಾಗವಾಗದ ಹಟಮಾರಿ. ಕಾಲೇಜಿನ ದಿನಗಳಿಂದ ನನಗೆ ಇದರ ಗೀಳು.

1644ರಲ್ಲಿ ಪ್ಯಾರಿಸ್ಸಿನ ಸನ್ಯಾಸಿ ಮರ್ಸೆನ್ ಇಂಥ ಸಂಖ್ಯೆಗಳದೊಂದು ಪಟ್ಟಿ ಕೊಟ್ಟ. ಪುರಾವೆ ಕೊಡಲಿಲ್ಲ. 67, 257 ಎರಡುಗಳ ಸಂಖ್ಯೆಗಳು ತಪ್ಪಾಗಿ ಸೇರಿದ್ದವು. 61, 89, 107 ಎರಡುಗಳವು ಬಿಟ್ಟುಹೋಗಿದ್ದವು. 127 ಎರಡುಗಳದು ಸರಿಯಾಗಿಯೇ ಇತ್ತು. ಆದರೆ ಅದನ್ನು ಒಪ್ಪಿಸುವುದು ಹೇಗೆ? ಒಂದೊಂದೇ ಸಂಖ್ಯೆಯಿಂದ ಭಾಗಿಸುತ್ತಾ ಹೊರಟರೆ 20 ಅಂಕಿಯ ಸಂಖ್ಯೆಗಳವರೆಗೆ ನಡೆಯಬೇಕು. ಆಯುಷ್ಯ ಸಾಲದು. ಮಹಾ ಲೆಕ್ಕಿಗ ಆಯ್ಲರ್ ಕೂಡ 1772ರಲ್ಲಿ 31 ಎರಡುಗಳ ಹತ್ತಿರವೇ ನಿಂತ.

ಇನ್ನು ನನ್ನ ಮೆಚ್ಚಿನವನ ಬಳಿ ಬರೋಣ. ಎದ್ವಾರ್ ಲ್ಯೂಕಾ, ಫ್ರಾನ್ಸಿನ ಶಾಲಾ ಮೇಷ್ಟ್ರು. ಮಕ್ಕಳು ಆಡುವ 'ಹನೋಯ್ ಗೋಪುರ'ದ ಆಟ ಕಟ್ಟಿದವನೂ ಇವನೇ. 1876ರಲ್ಲಿ ಇವನು ಭಾಗಿಸಿ ನೋಡುವ ಗೋಜಿಗೇ ಹೋಗದೆ ಉತ್ತರ ಕಂಡುಕೊಂಡ. ಆ ಪರೀಕ್ಷೆಯನ್ನು ಮುಂದೆ ಅಮೆರಿಕದ ಲೆಹ್ಮರ್ ನಯಗೊಳಿಸಿದ. ಈಗಿನ ರೂಪ ಇಷ್ಟೇ: 4ರಿಂದ ಶುರು ಮಾಡಿ, ವರ್ಗ ಮಾಡಿ, 2 ಕಳೆಯಿರಿ, ಪರೀಕ್ಷಿಸಬೇಕಾದ ಸಂಖ್ಯೆಯಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳಿ, ಮತ್ತೆ ಅದೇ. ಎರಡುಗಳು ಎಷ್ಟೋ, ಅದಕ್ಕಿಂತ ಎರಡು ಕಡಿಮೆ ಸಲ. ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ.

127 ಎರಡುಗಳಿಗೆ 125 ಸಲ! ಆದರೆ ಈ ಸಂಖ್ಯೆಗೆ ಒಂದು ಸೊಗಸಾದ ಗುಣವಿದೆ. ಲ್ಯೂಕಾ ಚದುರಂಗದಂಥ ಮಣೆಯ ಮೇಲೆ, ಸಾಲಿಗೆ 127 ಮನೆ ಮಾಡಿ, ಕಾಯಿ ಇದ್ದರೆ 1, ಇಲ್ಲದಿದ್ದರೆ 0 ಎಂದು ಲೆಕ್ಕ ಹೂಡಿದ. ಎಡತುದಿ ದಾಟಿದ ಕಾಯನ್ನು ತಂದು ಬಲತುದಿಯಿಂದ ಮತ್ತೆ ಸೇರಿಸಿದರಾಯಿತು, ಭಾಗಾಕಾರ ಮುಗಿಯಿತು! ನಮ್ಮ ಅಳಗುಳಿಮನೆಯಲ್ಲಿ ಹುಣಸೆ ಬೀಜ ಸುತ್ತಿ ಬರುತ್ತದಲ್ಲ, ಹಾಗೆ.

1891ರಲ್ಲಿ ಒಂದು ಔತಣಕೂಟದಲ್ಲಿ ಪಿಂಗಾಣಿ ತಟ್ಟೆ ಒಡೆದು, ಚೂರೊಂದು ಲ್ಯೂಕಾನ ಕೆನ್ನೆಗೆ ಬಡಿಯಿತು. ಗಾಯಕ್ಕೆ ಸೋಂಕು ತಗಲಿ ಕೆಲವೇ ದಿನಗಳಲ್ಲಿ ತೀರಿಕೊಂಡ. 49 ವರ್ಷ. ಇದನ್ನು ಹೇಳುವಾಗಲೆಲ್ಲ ಆ ತಟ್ಟೆಯ ಮೇಲೆ ನನಗೆ ಸಿಟ್ಟು ಬರುತ್ತದೆ.

ಗೊತ್ತಿರುವ ಅತಿ ದೊಡ್ಡ ಅವಿಭಾಜ್ಯವೆಂಬ ಅವನ ಸಂಖ್ಯೆಯ ಪಟ್ಟ 1951ರವರೆಗೆ ಅಲುಗಲಿಲ್ಲ. ಆಮೇಲೆ ಕಂಪ್ಯೂಟರುಗಳು ಬಂದವು, ದಾಖಲೆಗಳು ಉರುಳಿದವು. 2024ರಲ್ಲಿ ಸಿಕ್ಕ ಅವಿಭಾಜ್ಯಕ್ಕೆ 4,10,24,320 ಅಂಕಿ. ಅದನ್ನು ಖಚಿತಪಡಿಸಿದ್ದೂ ಲ್ಯೂಕಾ, ಲೆಹ್ಮರರ ಪರೀಕ್ಷೆಯೇ. ಬರೀ ಕೈಲೆಕ್ಕದಲ್ಲಿ ಸಿಕ್ಕವುಗಳ ಪೈಕಿ ಮಾತ್ರ ಇಂದಿಗೂ ದೊಡ್ಡಣ್ಣ ಆ 39 ಅಂಕಿಯದೇ.

ಇವತ್ತು ಊಟವಾದ ಮೇಲೆ ಪೆನ್ಸಿಲ್ ಹಿಡಿದು 127ನ್ನೇ ಪರೀಕ್ಷಿಸಿ. ಅದು ಏಳು ಎರಡುಗಳ ಗುಣಲಬ್ಧದಲ್ಲಿ ಒಂದು ಕಳೆದದ್ದು. ಹಾಗಾಗಿ ಐದೇ ಸಲ. 14, 67, 42, ಆಮೇಲೆ 111. ಅಲ್ಲಿ ಲೆಕ್ಕ ಕೈತಪ್ಪಿತು ಅನ್ನಿಸುತ್ತದೆ. ಪೆನ್ಸಿಲ್ ಕೆಳಗಿಡಬೇಡಿ. ಇನ್ನೊಂದೇ ಸಲ.